ಪುನರ್ವಸತಿ ಕಾಲೊನಿಯಲ್ಲಿ ಅಂಗಡಿಗೆ ಜಾಗವೆಲ್ಲಿ?

ತೆಲಂಗಾಣದ ಅಲಂಪುರದಲ್ಲಿ ನವಬ್ರಹ್ಮ ಗುಡಿಗಳ ಜೊತೆಗೆ, ಬೇರೆಡೆಯಿಂದ ಎದ್ದುಬಂದ ಗುಡಿಗಳೂ ಇವೆ. ಕೃಷ್ಣೆ, ತುಂಗಭದ್ರೆ ಕೂಡುವಲ್ಲಿ ಇದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯೂ ಪಾಪನಾಶಿ ಗುಡಿಗಳ ಗುಂಪೂ ಶ್ರೀಶೈಲ ಅಣೆಕಟ್ಟೆಯ ಹಿನ್ನೀರಿಗೆ ಸಿಗಬಾರದೆಂದು ಅವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಲಾಯಿತು. ಮೆಚ್ಚಲೇಬೇಕಾದ ಕೆಲಸ. ಅದೇ ಹಿನ್ನೀರು ಆಗಿನ ಮೆಹಬೂಬನಗರ ಮತ್ತು ಕರ್ನೂಲು ಜಿಲ್ಲೆಗಳ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಮುಳುಗಿಸಿ ಸುಮಾರು ಒಂದು ಲಕ್ಷ ಜನರನ್ನು ಎಬ್ಬಿಸಿತು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆ ಬೆಲೆ ಕಟ್ಟುತ್ತಿದ್ದುದು ಮುಖ್ಯವಾಗಿ ಹೊಲ, ಮನೆ, ಮರಗಳಿಗೆ. ಊರೊಳಗಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ, ಹಿಟ್ಟಿನ ಗಿರಣಿಯ ಗಿರಾಕಿಗಳಿಗೆ, ವಾರದ ಸಂತೆ ಕೂಡುತ್ತಿದ್ದ ಬಯಲಿಗೆ ಬೆಲೆ ಕಟ್ಟುವುದು ಹೇಗೆಂದು ಅದಕ್ಕೆ ತಿಳಿದಿರಲಿಲ್ಲ.

ಅದು ಹಳೆಯ ಕಾಯ್ದೆ, ಈಗ ಹೊಸದು ಬಂದಿದೆಯಲ್ಲ ಎನ್ನಬಹುದು. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ ಎಷ್ಟೋ ಮೇಲು, ನಿಜ. ಅದರ ಎರಡನೆಯ ಅನುಸೂಚಿಯ ಪ್ರಕಾರ ದನದ ಕೊಟ್ಟಿಗೆ ಅಥವಾ ಸಣ್ಣ ಅಂಗಡಿ ಕಳೆದುಕೊಂಡವರಿಗೆ ಒಂದು ಸಲದ ನೆರವಾಗಿ ಕನಿಷ್ಠ 25,000 ರೂಪಾಯಿ ಸಿಗಬೇಕು. ಕುಶಲಕರ್ಮಿ, ಸಣ್ಣ ವ್ಯಾಪಾರಿ ಕುಟುಂಬಗಳಿಗೆ ಇನ್ನೊಂದು ಕನಿಷ್ಠ 25,000. ಹೊಸ ಊರಿನಲ್ಲಿ ಏನೇನು ಇರಬೇಕೆಂದು ಮೂರನೆಯ ಅನುಸೂಚಿ ಹೇಳುತ್ತದೆ: ರಸ್ತೆ, ಚರಂಡಿ, ನೀರು, ಗೋಮಾಳ, ಅಂಚೆ ಕಚೇರಿ, ಅಂಗನವಾಡಿ, ಸ್ಮಶಾನ, ನ್ಯಾಯಬೆಲೆ ಅಂಗಡಿ. ಇಷ್ಟು ಉದ್ದದ ಪಟ್ಟಿಯಲ್ಲಿ ಸಂತೆಕಟ್ಟೆ ಇಲ್ಲ, ಮಳಿಗೆಗಳ ಸಾಲೂ ಇಲ್ಲ. ಸತ್ತವರಿಗೆ ಜಾಗ ಕಾದಿರಿಸಲು ಮರೆಯದ ಕಾನೂನು ತರಕಾರಿ ಮಾರುವವಳನ್ನು ಮರೆತಿದೆ. ಅಂಗಡಿ ಅದರ ಕಣ್ಣಿಗೆ ಆಸ್ತಿಯಾಗಿ ಕಾಣುತ್ತದೆ, ಜಾಗವಾಗಿ ಕಾಣುವುದಿಲ್ಲ.

ನನ್ನ ವಾದ ಇಷ್ಟೇ: ಸರ್ಕಾರ ಕಟ್ಟುವ ವಸತಿಯಲ್ಲಿ ದಿನದ ಅಂಗಡಿಯನ್ನು ಮನೆಯ ಭಾಗವೆಂದೇ ಎಣಿಸಬೇಕು, ಮನೆಯ ಜೊತೆಗೇ ಕಟ್ಟಬೇಕು, ಮನೆ ಹಂಚಿದಂತೆಯೇ ಅಗತ್ಯ ನೋಡಿ ಹಂಚಬೇಕು. ದಿನಗೂಲಿಯ ಮನೆಗೆ ತಿಂಗಳ ಸಾಮಾನು ಎಂಬುದೇ ಇರುವುದಿಲ್ಲ. ಸಂಜೆ ಕೂಲಿ ಕೈಗೆ ಬಂದಮೇಲೆ ಪಾವು ಕೆಜಿ ಬೇಳೆ, ಹತ್ತು ರೂಪಾಯಿಯ ಎಣ್ಣೆ, ಒಂದು ಸಾಬೂನು. ಕೂಲಿ ಇಲ್ಲದ ದಿನ ಅದೇ ಸಾಮಾನು ಉದ್ರಿ. ಇದಕ್ಕೆ ಮುಖ ಪರಿಚಯವಿರುವ ಅಂಗಡಿಯೇ ಬೇಕು, ಅದೂ ನಡೆದು ಹೋಗುವಷ್ಟು ಹತ್ತಿರ. ಕಾಲೊನಿಯನ್ನು ಊರಿಂದ ನಾಲ್ಕು ಮೈಲಿ ಆಚೆ ಅಗ್ಗದ ನೆಲದಲ್ಲಿ ಕಟ್ಟಿದರೆ ಮನೆ ಪುಕ್ಕಟೆಯಾದರೂ ಉಪ್ಪಿಗೆ ಆಟೋ ಬಾಡಿಗೆ ಸೇರುತ್ತದೆ. 2009ರ ಅಕ್ಟೋಬರ್ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯಡಿ ದಾನಿಗಳ ನೆರವಿನಿಂದ ಕಟ್ಟಿದ ಮನೆಗಳಲ್ಲಿ ಹಲವು ಬೀಗ ಹಾಕಿಕೊಂಡೇ ಉಳಿದವು. ಕಾರಣ ಒಂದೇ ಅಲ್ಲ. ಗೋಡೆಯ ಗುಣಮಟ್ಟ, ಹೊಲದ ದೂರ, ದನ ಕಟ್ಟಲು ಜಾಗವಿಲ್ಲದ್ದು ಎಲ್ಲವೂ ಇದ್ದವು. ಆದರೆ ಹಳೆಯ ಊರಿನ ವ್ಯಾಪಾರ ಹಳೆಯ ಊರಲ್ಲೇ ಉಳಿದರೆ ಜನರ ಕಾಲು ಅತ್ತಲೇ ತಿರುಗುವುದು ಸಹಜ. ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡ ಬಾಗಲಕೋಟೆಯವರಿಗೆಂದು ಸೆಕ್ಟರ್‌ಗಳಾಗಿ ಹಂಚಿ ಕಟ್ಟಿದ ನವನಗರ ಬಂದು ದಶಕಗಳಾದರೂ ಹಳೆ ಬಾಗಲಕೋಟೆಯ ಪೇಟೆ ಸತ್ತಿಲ್ಲ ಎಂಬುದನ್ನು ಆ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಯೋಜಕರಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ನೆರೆಹೊರೆ ಘಟಕದ ನಕ್ಷೆ ಬರೆದಾಗ ನಡುವೆ ಶಾಲೆಯನ್ನಿಟ್ಟು ಅಂಗಡಿಗಳನ್ನು ಅಂಚಿನ ಕೂಡುರಸ್ತೆಗಳಿಗೆ ತಳ್ಳಿದ. ಆ ಚಿಂತನೆ ನಮ್ಮ ಬಡಾವಣೆಗಳಿಗೂ ಇಳಿದುಬಂತು. ಚಂಡೀಗಢದಲ್ಲಿ ಸೆಕ್ಟರಿನ ನಡುವೆ ಹಾಯುವ ಒಂದು ಬೀದಿಗೆ, ಅದೂ ನೆರಳಿನ ಬದಿಗೆ, ಅಂಗಡಿಗಳನ್ನು ಕೂರಿಸಿದರು. ಬೆಂಗಳೂರಿನಲ್ಲಿ 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಎರಡೂ ಬಡಾವಣೆಯ ನಕ್ಷೆಯಲ್ಲೇ ಮಾರುಕಟ್ಟೆಗೆ ಜಾಗ ಬಿಟ್ಟವು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್, ಇಂದಿರಾನಗರ, ಕೋರಮಂಗಲದ ಬಿಡಿಎ ಕಾಂಪ್ಲೆಕ್ಸ್‌ಗಳು ಮಧ್ಯಮ ವರ್ಗಕ್ಕೆ ಸಿಕ್ಕ ಸಾರ್ವಜನಿಕ ಪೇಟೆಗಳು. ಇತ್ತೀಚೆಗೆ ಬಿಡಿಎ ತನ್ನ ಹಳೆಯ ಕಾಂಪ್ಲೆಕ್ಸ್‌ಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಕೆಡವಿ ಕಟ್ಟಲು ಹೊರಟಾಗ ಅಲ್ಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. ಹತ್ತಿರದ ಅಂಗಡಿಯ ಬೆಲೆ ಉಳ್ಳವರಿಗೂ ಗೊತ್ತು. ಬಡವರ ಪಾಲಿಗೆ ಬಂದದ್ದು ಬೇರೆ. ಈಜೀಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿದ್ದ ವಸತಿ ಸಮುಚ್ಚಯದ ನೆಲದಿಂದ 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನು ತೆರವು ಮಾಡಲಾಯಿತು. ಆ ನೆಲದ ಸುಮಾರು ಅರ್ಧ ಒಂದು ಮಾಲ್‌ಗೆಂದು ಒಪ್ಪಂದವಾಗಿತ್ತು. ಬಡವರ ಕಾಲೊನಿಯಲ್ಲಿ ವ್ಯಾಪಾರಕ್ಕೆ ನೆಲವಿರುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

"ಅಂಗಡಿ ತಾನಾಗಿಯೇ ಹುಟ್ಟುತ್ತದೆ, ಸರ್ಕಾರ ಏಕೆ ಕಟ್ಟಬೇಕು?" ಎಂಬುದು ಗಟ್ಟಿಯಾದ ಪ್ರಶ್ನೆ. ಕೊಳಗೇರಿ ಮಂಡಳಿಯ ಮೂರಂತಸ್ತಿನ ಮನೆಗಳಲ್ಲಿ ನೆಲಮಹಡಿಯವರು ಕಿಟಕಿಗೇ ಶಾಂಪೂ, ಚಿಪ್ಸ್ ಪೊಟ್ಟಣ ತೂಗುಹಾಕಿ ವ್ಯಾಪಾರ ಮಾಡುವುದು ನಿಜ, ಅದು ನಿಯಮಕ್ಕೆ ವಿರುದ್ಧವೆಂದು ಆಗಾಗ ನೋಟಿಸು ಬರುವುದೂ ನಿಜ. ಆದರೆ ಕಟ್ಟಡ ಎತ್ತರವಾದಷ್ಟೂ ಈ ದಾರಿ ಮುಚ್ಚುತ್ತದೆ. ತೆಲಂಗಾಣದ ಎರಡು ಬೆಡ್‌ರೂಮ್ ಮನೆ ಯೋಜನೆಯ ಮೊದಲ ಕಾಲೊನಿ, ಸಿಕಂದರಾಬಾದಿನ ಐಡಿಎಚ್, 2015ರಲ್ಲಿ 396 ಮನೆಗಳೊಂದಿಗೆ ಸಿದ್ಧವಾಯಿತು. ಅದೇ ಯೋಜನೆಯಡಿ 2023ರಲ್ಲಿ ಉದ್ಘಾಟನೆಯಾದ ಕೊಲ್ಲೂರು ಕಾಲೊನಿಯಲ್ಲಿ ಬಹುಮಹಡಿ ಗೋಪುರಗಳಲ್ಲಿ 15,660 ಮನೆಗಳು. ಎಂಟನೇ ಮಹಡಿಯ ಕಿಟಕಿಯಿಂದ ಯಾರೂ ಬೀಡಿ-ಬೆಂಕಿಪೊಟ್ಟಣ ಮಾರಲಾರರು. ಅಲ್ಲಿ ವಾಣಿಜ್ಯ ಸಂಕೀರ್ಣಗಳನ್ನು ಮೊದಲೇ ಕಟ್ಟಿರುವುದು ಸರಿಯಾದ ಹೆಜ್ಜೆ. ಸಾಲುತ್ತದೆಯೇ ಎಂಬುದು ಲೆಕ್ಕದ ಮಾತು. ಮನೆಗೆ ನಾಲ್ವರೆಂದರೂ 62 ಸಾವಿರ ಜನ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಅವಕಾಶ ಕೊಡಬೇಕೆನ್ನುತ್ತದೆ. ಆ ಅಳತೆಯಲ್ಲಿ ಇಂಥ ಕಾಲೊನಿಗೆ 1,500ಕ್ಕೂ ಹೆಚ್ಚು ತಳ್ಳುಗಾಡಿ, ಬುಟ್ಟಿ, ಡಬ್ಬಿ ಅಂಗಡಿಗಳಿಗೆ ನೆಲ ಬೇಕು. ಗೇಟು ಹಾಕಿ ಕಾವಲುಗಾರನನ್ನು ನಿಲ್ಲಿಸಿದರೆ ಅವು ಬರುವುದು ಎಲ್ಲಿಂದ?

ಇನ್ನೊಂದು ಆಕ್ಷೇಪ ಹಣದ್ದು. ಲಿಫ್ಟು, ಪಂಪು, ಬೀದಿದೀಪ ನಡೆಸಲು ಮಳಿಗೆ ಬಾಡಿಗೆ ಬೇಕು, ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಕೊಟ್ಟರೆ ತಪ್ಪೇನು? ತಪ್ಪು ಭಾಗಶಃ. ಔಷಧ ಅಂಗಡಿ, ಬ್ಯಾಂಕು, ಮೊಬೈಲ್ ಮಳಿಗೆಗಳನ್ನು ಪೇಟೆಯ ದರಕ್ಕೇ ಕೊಡಲಿ, ಆ ಹಣ ಲಿಫ್ಟಿಗೆ ಹೋಗಲಿ. ಆದರೆ ಎಲ್ಲವನ್ನೂ ಹರಾಜಿಗಿಟ್ಟರೆ ಲಕ್ಷಗಟ್ಟಲೆ ಠೇವಣಿ ಕಟ್ಟಬಲ್ಲ ಹೊರಗಿನವನು ಮಳಿಗೆ ಹಿಡಿದು, ಒಳಬಾಡಿಗೆಗೆ ಬಿಟ್ಟು, ಆ ಭಾರವನ್ನು ಬೇಳೆಯ ದರದ ಮೇಲೆ ಹೇರುತ್ತಾನೆ. ಸಿಂಗಪುರದ ವಸತಿ ಮಂಡಳಿ 1960ರಲ್ಲಿ ಶುರುವಾದಾಗಿನಿಂದ ಕಟ್ಟಡಗಳ ಕೆಳಗೆ ಅಂಗಡಿ, ಪಕ್ಕದಲ್ಲಿ ಮಾರುಕಟ್ಟೆ ಕಟ್ಟಿತು. ತೆರವಾದ ಅಂಗಡಿಕಾರರಿಗೆ ಅಲ್ಲಿ ಆದ್ಯತೆಯಿತ್ತು. 1992ರಲ್ಲಿ ಮಂಡಳಿ ಬಾಡಿಗೆದಾರರಿಗೇ ಅಂಗಡಿಗಳನ್ನು ಮಾರತೊಡಗಿತು. ಕೊಂಡವರಿಗೆ ಒಳ್ಳೆಯದಾಯಿತು, ಆದರೆ ಇಂದು ಅಂಥ ಅಂಗಡಿಗಳ ಬೆಲೆ ಹೊಸದಾಗಿ ವ್ಯಾಪಾರ ಶುರುಮಾಡುವವನ ಕೈಗೆಟುಕುವುದಿಲ್ಲ. ಕಲಿಯುವುದಾದರೆ ಮೊದಲರ್ಧ ಕಲಿಯೋಣ: ಒಡೆತನ ಸರ್ಕಾರದ್ದು, ಬಾಡಿಗೆ ಸಣ್ಣದು, ಮೊದಲ ಹಕ್ಕು ಊರು ಕಳೆದುಕೊಂಡ ವ್ಯಾಪಾರಿಗೆ.

ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತರುವ ಆ್ಯಪ್‌ಗಳಿರುವಾಗ ಇದೆಲ್ಲ ಹಳೆಗಾಲದ ಮಾತೆನ್ನುವವರೂ ಇದ್ದಾರೆ. ಆ ಆ್ಯಪ್‌ಗಳು ಗದ್ವಾಲ-ಮಕ್ತಲ್ ಕಡೆಯ ಹಳ್ಳಿಗಳಿಗೆ ಬರಲಿ, ಉದ್ರಿ ಕೊಡಲಿ, ಆಮೇಲೆ ಮಾತಾಡೋಣ. ಅಷ್ಟರೊಳಗೆ ಕೃಷ್ಣೆಯ ಮೇಲ್ದಂಡೆಯಲ್ಲಿ ಇನ್ನೊಂದು ಮುಳುಗಡೆ ಕಾದಿದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಹಲವು ಹಳ್ಳಿಗಳು, ಬಾಗಲಕೋಟೆಯ ಕೆಲವು ವಾರ್ಡುಗಳು ಏಳಬೇಕಾಗುತ್ತದೆ. ಈಗ ಎಲ್ಲರ ಬಾಯಲ್ಲಿ ಇರುವುದು ಎಕರೆಗೆ ಎಷ್ಟು ಲಕ್ಷ ಎಂಬ ಮಾತು. ಪುನರ್ವಸತಿ ಕೇಂದ್ರಗಳ ನಕ್ಷೆಗೆ ಸಹಿ ಬೀಳುವ ಮುನ್ನ ಅವುಗಳಲ್ಲಿ ಸಂತೆಯ ಬಯಲು ಎಲ್ಲಿದೆ, ಹಿಟ್ಟಿನ ಗಿರಣಿಗೆ ಮೂರು ಫೇಸ್ ವಿದ್ಯುತ್ ಎಲ್ಲಿಂದ, ಮಳಿಗೆಗಳ ಮೊದಲ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಗ್ರಾಮಸಭೆಗಳು ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು.