ದಿಲ್ಲಿಯ ಗೋಡೆ ತೀರ್ಥಹಳ್ಳಿಗೆ ಬೇಡ

ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಕಳೆದ ನಮ್ಮ ದಿಲ್ಲಿ ಕನ್ನಡಿಗರು ನಿವೃತ್ತಿ ಹತ್ತಿರವಾದಂತೆ ಊರಿನಲ್ಲಿ ಮನೆಗೆ ಕೈಹಾಕುತ್ತಾರೆ. ಸಂತೋಷ. ಆದರೆ ಗೋಡೆಯ ಹೊರಮೈಗೆ ಏನು ಹೊದಿಸಬೇಕೆಂದು ಅವರು ನಿರ್ಧರಿಸುವುದು ತೀರ್ಥಹಳ್ಳಿಯ ಮಳೆಯನ್ನು ನೋಡಿ ಅಲ್ಲ, ನೋಯ್ಡಾದಲ್ಲಿ ಕಂಡ ಕಟ್ಟಡವನ್ನು ನೋಡಿ! ಇದನ್ನು ನಾವು ಖಂಡಿತ ಒಪ್ಪಲಾರೆವು.

ದಿಲ್ಲಿಯ ಗೋಡೆಗೆ ಬಿಸಿಲೇ ಶತ್ರು. ಬೇಸಿಗೆಯಲ್ಲಿ 45 ಡಿಗ್ರಿ, ಜನವರಿಯ ರಾತ್ರಿ ನಾಲ್ಕೈದು. ಹಿಗ್ಗಿ ಕುಗ್ಗಿ ದಣಿಯುವ ಗೋಡೆಗೆ ಧೋಲ್‌ಪುರದ ತಿಳಿಬಣ್ಣದ ಮರಳುಗಲ್ಲು ಒಪ್ಪುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲೋ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಯ ಶತ್ರು ಒದ್ದೆ.

ಈಗ ಎಲ್ಲರಿಗೂ ಬೇಕಾದ ವಿಟ್ರಿಫೈಡ್ ಟೈಲನ್ನೇ ನೋಡಿ. ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಅದು ಹೀರುವುದಿಲ್ಲ ಎಂದು ಅಂಗಡಿಯವರು ಹೊಗಳುತ್ತಾರೆ. ನಿಜವೇ. ಹೀರದ ಟೈಲನ್ನು ಬರೀ ಸಿಮೆಂಟ್ ಗಾರೆ ಸರಿಯಾಗಿ ಕಚ್ಚುವುದೂ ಇಲ್ಲ, ಅದಕ್ಕೆ ಬೇರೆ ಅಂಟೇ ಬೇಕು ಎಂಬ ಮಾತನ್ನು ಮಾತ್ರ ನುಂಗಿಬಿಡುತ್ತಾರೆ. ಸಂದಿನಲ್ಲಿ ಇಳಿದ ನೀರು ಟೈಲಿನ ಹಿಂದೆ ಸಿಕ್ಕಿಕೊಂಡು, ಹೊರಕ್ಕೆ ಆರಲಾರದೆ ಒಳಗೋಡೆಗೆ ಬರುತ್ತದೆ. ಹೊರಗೆ ಥಳಥಳ, ದೇವರ ಕೋಣೆಯಲ್ಲಿ ಬೂಷ್ಟು!

ಮಲೆನಾಡಿನ ಹಿರಿಯರು ಸೂರನ್ನು ಮುಂದಕ್ಕೆ ಚಾಚಿ, ಮಳೆಗಾಲಕ್ಕೆ ಮೊದಲು ಎರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ನೀರನ್ನು ತಡೆಯುತ್ತಿತ್ತು, ಅದರ ಹಿಂದೆ ಗಾಳಿಯಾಡುತ್ತಿತ್ತು, ಮಳೆ ನಿಂತ ಮೇಲೆ ಬಿಚ್ಚಬಹುದಿತ್ತು. ಹೊದಿಕೆಗೂ ಗೋಡೆಗೂ ನಡುವೆ ತೆರಪು ಬಿಡಿ ಎಂದು ಇಂದಿನ ಇಂಜಿನಿಯರುಗಳು ಹೇಳುವುದೂ ಇದನ್ನೇ. ಕರಾವಳಿಯವರಿಗಂತೂ ಮುರಕಲ್ಲು ಕಾಲಡಿಯಲ್ಲೇ ಇದೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಅದನ್ನು ಬಿಟ್ಟು, ಎಲ್ಲಿಂದಲೋ ತಂದ ಗ್ರಾನೈಟನ್ನು ಕಬ್ಬಿಣದ ಕೊಕ್ಕೆಗೆ ತೂಗಿಸಿದರೆ ಉಪ್ಪುಗಾಳಿ ಕೊಕ್ಕೆಯನ್ನು ತಿನ್ನದೆ ಬಿಟ್ಟೀತೆ?

ಇನ್ನು ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ ತುಂಬಿದ ಹೊಳೆಯುವ ಹಲಗೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನ ಹೊರಮೈಯಲ್ಲಿ ಬೆಂಕಿ ಮೇಲೇರಿದ್ದು ಇಂಥ ಹಲಗೆಗಳಿಂದಲೇ. 72 ಜನ ಸತ್ತರು. ಬೆಂಕಿ ತಾಳುವ ತಿರುಳಿನ ಹಲಗೆಗಳೂ ಉಂಟು, ಬೆಲೆ ಹೆಚ್ಚು. ಊರಿನ ಕಂಟ್ರಾಕ್ಟರು ಇವೆರಡರಲ್ಲಿ ಯಾವುದನ್ನು ತರುತ್ತಾನೋ!

ಮನೆ ಕಟ್ಟುವ ಮುಂಗಡಕ್ಕಾಗಿ ಆಫೀಸಿನಲ್ಲಿ ಹತ್ತು ಮೇಜು ಸುತ್ತುವ ನಮ್ಮವರಿಗೆ ಆ ಕಂಟ್ರಾಕ್ಟರನನ್ನು ಎರಡು ಪ್ರಶ್ನೆ ಕೇಳಲು ನಾಲಿಗೆ ಏಕೆ ಏಳುವುದಿಲ್ಲ? ಹೊದಿಕೆಯ ಹಿಂದೆ ಹೋದ ನೀರು ಹೊರಬರುವುದು ಎಲ್ಲಿಂದ? ಹಲಗೆಯ ಒಳಗಿರುವುದು ಏನು? ಉತ್ತರ ಸಿಗುವ ತನಕ ಗೋಡೆಗೆ ಸುಣ್ಣ ಬಳಿಸಿ ಕಾಯಲಿ.