ಆಂಡೀಸ್ ಹಿಮಕ್ಕೊಂದು ಬಜೆಟ್

ಮಕ್ಕಳೇ, ನಮ್ಮಲ್ಲಿ ಆಷಾಢದ ಗಾಳಿ ಬೀಸುವಾಗ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಕೊರೆಯುವ ಚಳಿಗಾಲ. ಭೂಮಧ್ಯರೇಖೆಯ ಆಚೆ ಋತುಗಳೇ ತಿರುಗುಮುರುಗು! ಆಂಡೀಸ್ ಪರ್ವತದಲ್ಲಿ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ನನ್ನ ಮಗಳ ಸಂಸಾರ ರಾಜಧಾನಿ ಸ್ಯಾಂಟಿಯಾಗೊದಲ್ಲಿದೆ. ಬರುವುದು ಒಂದೇ ಸಂಬಳ. ಹತ್ತು ವರ್ಷದ ಮೊಮ್ಮಗನಿಗೆ ಸ್ಕೀ ಆಸೆ. "ಅಪ್ಪಾ, ನಮ್ಮ ಕೈಗೆ ಎಟುಕುತ್ತದಾ?" ಎಂದು ಕೇಳಿದಳು. ಬ್ಯಾಂಕಿನಲ್ಲಿ ಸವೆದ ಕೈ ನೋಡಿ, ಲೆಕ್ಕಕ್ಕೆ ಕೂತೆ.

ದುಡ್ಡು ನುಂಗುವುದು ಬೆಟ್ಟದ ಮೇಲಿನ ಹೋಟೆಲು. ಫರೆಯೋನೆಸ್ ಎಂಬ ಊರು ನಗರದಿಂದ ಸುಮಾರು 40 ಕಿ.ಮೀ. ಅಷ್ಟೇ. ಬೆಳಿಗ್ಗೆ ವ್ಯಾನಿನಲ್ಲಿ ಹೋದರೆ ರಾತ್ರಿಯೂಟ ಮನೆಯಲ್ಲೇ. ದಾರಿಯಲ್ಲಿ 40 ಹೇರ್‌ಪಿನ್ ತಿರುವುಗಳು, ಒಂದೊಂದಕ್ಕೂ ನಂಬರು! (ವಾಂತಿಯ ಭಯವಿದ್ದರೆ ತಿಂಡಿ ಮಿತವಾಗಿರಲಿ.) ಸ್ಕೀ, ಬೂಟು, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ, ಬೆಳೆಯುವ ಹುಡುಗನಿಗೆ ಕೊಳ್ಳುವುದು ದುಂದು. ಜುಲೈ ಶಾಲಾ ರಜೆಯಲ್ಲಿ ನೂಕುನುಗ್ಗಲು, ದರವೂ ಜಾಸ್ತಿ. ಆಗಸ್ಟ್ ಕೊನೆಗೆ, ವಾರದ ನಡುವೆ ಹೋಗಲಿ. ಒಂದು ದಿನ ಶಾಲೆ ತಪ್ಪಿದರೆ ತಪ್ಪಲಿ ಬಿಡಿ.

ಕಲಿಸುವವರ ಫೀಸನ್ನು ಮಾತ್ರ ನಾನು ಹೊಡೆದುಹಾಕಲಿಲ್ಲ. ಮಗಳು ಹಾಕಿದ್ದು ಒಂದು ಗಂಟೆ. ನಾನು ಎರಡು ಮಾಡಿದೆ.