ಮೇಸ್ತ್ರಿಯ ಫೋನಿನಲ್ಲಿ ಓಡದ ಸುದ್ದಿ

"ಗಾರೆ ಕೆಲಸದವರಿಗೆ ತಿಳುವಳಿಕೆ ಸಾಲದು, ಅದಕ್ಕೇ ಸರ್ಕಾರದ ಸವಲತ್ತು ಸಿಗೋದಿಲ್ಲ" ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಮೂಡಿಗೆರೆ, ಕಳಸದ ಕಡೆ ಬಂದು ನೋಡಿ ಸ್ವಾಮಿ! ನಾಳೆ ತಾರಸಿ ಹಾಕಬೇಕೆಂದರೆ ಸಂಜೆಯೊಳಗೆ ಜಲ್ಲಿ, ಮರಳು, ಸಿಮೆಂಟು, ಹತ್ತಾಳು ಎಲ್ಲ ಮೇಸ್ತ್ರಿಯ ಫೋನಿನಲ್ಲೇ ತಯಾರು. ಸುದ್ದಿ ಹೋಗಲು ದಾರಿಯಿಲ್ಲ ಅಂದವರ್ಯಾರು?

ಕಾನೂನಿನಂತೆ, ಸಣ್ಣಪುಟ್ಟ ಮನೆ ಬಿಟ್ಟರೆ, ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಕಟ್ಟಬೇಕು. ಅದನ್ನು ನೋಡಿಕೊಳ್ಳುವ ಕಾರ್ಮಿಕರ ಕಲ್ಯಾಣ ಮಂಡಳಿ ಕರ್ನಾಟಕದಲ್ಲಿ 2007ರಲ್ಲೇ ಬಂತು. ದುಡ್ಡು ಕಾರ್ಮಿಕರದ್ದೇ. ಆದರೆ ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ನಮ್ಮ ಆಳುಗಳು ಕಾಫಿ ಕೊಯ್ಲಿಗೆ ತೋಟಕ್ಕೆ ಹೋಗುತ್ತಾರೆ, ಕೊಯ್ಲು ಮುಗಿದ ಮೇಲೆ ಗಾರೆಗೆ. ಈ ತಿಂಗಳು ಒಬ್ಬ ಮೇಸ್ತ್ರಿ, ಮುಂದಿನ ತಿಂಗಳು ಇನ್ನೊಬ್ಬ. ಮಳೆ ಹಿಡಿದರೆ ಅದೂ ಇಲ್ಲ. ಹಾಜರಿಯೆಲ್ಲ ಮೇಸ್ತ್ರಿಯ ಪುಸ್ತಕದಲ್ಲಿ, ಆಳಿನ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಮರಳಿಗಾಗಿ ಓಡುವ ಮೆಸೇಜು ಹಾಜರಿಗಾಗಿ ಏಕೆ ಓಡಬಾರದು? ಬಟವಾಡೆಯ ದಿನ "ಇಲ್ಲಿಗೆ ಇಷ್ಟು ದಿನ ಆಯ್ತು" ಅಂತ ಪ್ರತಿಯೊಬ್ಬರಿಗೂ ಕಳಿಸಲಿ, ಕಟ್ಟಿಸುವವರು ಚೀಟಿಗೆ ಸಹಿ ಹಾಕಲಿ. ಮನೆ ಕಟ್ಟಿಸುತ್ತಿರುವ ಬ್ಲಾಗಿಗ ಮಿತ್ರರೇ, ಮೊದಲ ಸಹಿ ನಿಮ್ಮದಾಗಲಿ. ತಿಳುವಳಿಕೆಯ ಪಾಠ ಆಮೇಲೆ ಹೇಳೋಣ.